ತುಟಿ ನೋಡಿ ಪಾಠ ಒಪ್ಪಿಸಿಕೊಂಡವರು

ದೊಡ್ಡಪ್ಪ ಎದುರಿಗಿದ್ದವರ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಗೊತ್ತಿಲ್ಲದವರಿಗೆ ಇರುಸುಮುರುಸಾಗುತ್ತಿತ್ತು. ಇಪ್ಪತ್ತು ವರ್ಷ ಮಿಲ್ಲಿನ ಮಗ್ಗಗಳ ನಡುವೆ ನಿಂತು ಅವರ ಕಿವಿ ಪೂರ್ತಿ ಹೋಗಿತ್ತು. ಆ ಸದ್ದಿನಲ್ಲಿ ಮಾತು ಕೇಳಿಸದಿದ್ದುದರಿಂದ ಅಲ್ಲಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರಂತೆ. ಕಿವಿ ಹೋದ ಹಿಂದೆಯೇ ಕೆಲಸವೂ ಹೋಗಿ, ಮಾಗಡಿ ರಸ್ತೆಯ ವಠಾರದಲ್ಲಿದ್ದ ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ, ಬಂದು ಸೇರಿದರು. ಎಲ್ಲರೂ ಅವರೆದುರಿಗೇ ಅವರನ್ನು ಆಡಿಕೊಳ್ಳುತ್ತಿದ್ದರು. ಕಿವುಡನಿಗೇನು ತಿಳಿಯುತ್ತದೆ ಎಂಬ ಧೈರ್ಯ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಐದನೇ ವಯಸ್ಸಿನ ಜ್ವರದಲ್ಲಿ ನನ್ನ ಎಡಗಾಲು ಸೊರಗಿತ್ತು. ಅಣ್ಣನನ್ನು ಸ್ಕೂಲಿಗೆ ಸೇರಿಸಿದ ಅಪ್ಪ, "ಕುಂಟ್ಕೊಂಡು ಹೋಗಿ ಓದಿ ಇವಳೇನು ಅಮಲ್ದಾರಿಕೆ ಮಾಡ್ಬೇಕಾ?" ಎಂದು ನನ್ನನ್ನು ಮನೆಯಲ್ಲೇ ಉಳಿಸಿದ. ದೊಡ್ಡಪ್ಪ ಆ ಮಾತನ್ನು ಅವನ ತುಟಿಯ ಮೇಲೆ ನೋಡಿರಬೇಕು. ಮರುದಿನವೇ ಅಣ್ಣನ ಹಳೆಯ ಪುಸ್ತಕ ತಂದು ನನ್ನ ಮುಂದೆ ಕುಕ್ಕಿದರು.

ಬೆಳಿಗ್ಗೆ ಒಂದು ಪುಟ ಓದಿಸಿ ಪುಸ್ತಕವನ್ನು ತೊಡೆಯ ಕೆಳಗಿಟ್ಟುಕೊಳ್ಳುತ್ತಿದ್ದರು. ತಕ್ಷಣ ಒಪ್ಪಿಸಹೋದರೆ ಗದರುತ್ತಿದ್ದರು.

"ಈಗ್ಲೇ ಹೇಳೋದು ನೆನಪಲ್ಲ ಕಣೇ, ಬಾಯಲ್ಲಿರೋ ಎಂಜಲು. ಹೋಗು, ಅಕ್ಕಿ ಆರ್ಸು. ಮರ್ತು ಹೋಗ್ಲಿ. ಆಮೇಲೆ ಕೆದಕಿ ತೆಗಿ."

ಅಕ್ಕಿ ಆರಿಸಿ, ಹೂ ಕಟ್ಟಿ, ಪಾಠ ಮರೆತೇಹೋಯಿತು ಅನ್ನಿಸುವ ಹೊತ್ತಿಗೆ ನೆಲಕ್ಕೆ ಎರಡು ಸಲ ತಟ್ಟುತ್ತಿದ್ದರು. ಆಗ ಹೇಳಬೇಕು. ಮೂರು ದಿನ ಬಿಟ್ಟು ಮತ್ತೆ ಅದನ್ನೇ ಹೇಳಬೇಕು, ಹದಿನೈದು ದಿನ ಬಿಟ್ಟು ಮತ್ತೆ. ತಪ್ಪಿದರೆ ಹೊಡೆಯುತ್ತಿರಲಿಲ್ಲ, ಪುಸ್ತಕವನ್ನೂ ಕೊಡುತ್ತಿರಲಿಲ್ಲ. "ಒಳಗೇ ಇದೆ, ಹುಡುಕು" ಅನ್ನುತ್ತಿದ್ದರು. ಅವರಿಗೆ ನನ್ನ ದನಿ ಬೇಕಿರಲಿಲ್ಲವಲ್ಲ, ಹಾಗಾಗಿ ಬರೀ ತುಟಿಯಾಡಿಸಿ ಒಪ್ಪಿಸುವುದೇ ನನಗೆ ಅಭ್ಯಾಸವಾಯಿತು. ಅದೇ ಮುಳುವಾಯಿತು.

ಹದಿನಾಲ್ಕಕ್ಕೆ ಲೋಯರ್ ಸೆಕೆಂಡರಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೆ. ಆಗಷ್ಟೇ ಮನೆಗಳು ಏಳುತ್ತಿದ್ದ ರಾಜಾಜಿನಗರದ ಸ್ಕೂಲಿಗೆ ದೊಡ್ಡಪ್ಪ ನನ್ನನ್ನು ಬಾಡಿಗೆ ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿಕೊಂಡು ಹೋದರು. ಚರಿತ್ರೆಯ ಪರೀಕ್ಷೆ. ತುಟಿಯಾಡಿಸಿಕೊಂಡು ನೆನಪನ್ನು ಕೆದಕುತ್ತಾ ಬರೆಯುತ್ತಿದ್ದೆ. ಕಾವಲಿಗಿದ್ದ ಮೇಷ್ಟ್ರು ಬಂದು ಉತ್ತರಪತ್ರಿಕೆ ಕಿತ್ತುಕೊಂಡರು.

"ಪಕ್ಕದೋಳಿಗೆ ಪಿಸಪಿಸ ಅಂತ ಹೇಳ್ಕೊಡ್ತಾ ಇದೀಯಾ?"

ಕಿಟಕಿಯಿಂದ ನೋಡುತ್ತಿದ್ದ ದೊಡ್ಡಪ್ಪ ಒಳಕ್ಕೇ ನುಗ್ಗಿದರು. ತಮ್ಮ ದನಿ ಎಷ್ಟು ಜೋರೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. "ಸಾರ್, ಅವಳು ನೆನಪು ಮಾಡ್ಕೋತಾ ಇದಾಳೆ! ಯಾವ ಪಾಠ ಬೇಕಾದ್ರೂ ಕೇಳಿ!" ಎಂದು ಕೂಗಿದರು. ಹೆಡ್‌ಮೇಷ್ಟ್ರು ಬಂದು ಕೇಳಿಯೂ ಕೇಳಿದರು. ನಾನು ಬಾಯಿ ತೆರೆದೆ. ಹೆದರಿಕೆಗೆ ದನಿಯೇ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ದೊಡ್ಡಪ್ಪ ಅದನ್ನು ನೋಡಿ ನೋಡಿ ಗಟ್ಟಿಯಾಗಿ ಹೇಳತೊಡಗಿದರು. ಒಂದಕ್ಷರ ತಪ್ಪಿರಲಿಲ್ಲ.

"ಹಾಗಾದ್ರೆ ಮುಂದಿನ್ ವರ್ಷ ಪರೀಕ್ಷೆಗೆ ನೀವೇ ಕೂತ್ಕೊಳಿ ಯಜಮಾನ್ರೇ" ಎಂದು ಮೇಷ್ಟ್ರು ನಕ್ಕರು. ಇಡೀ ಕೋಣೆ ನಕ್ಕಿತು. ನನ್ನದೊಂದು ವರ್ಷ ಅಲ್ಲಿಗೆ ಮಣ್ಣುಪಾಲು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ದೊಡ್ಡಪ್ಪ ಹೊಸದಾಗಿ ಶುರು ಮಾಡಿದರು. ಈಗ ತುಟಿ ಅಲ್ಲಾಡದಂತೆ ನೆನೆಯಬೇಕಿತ್ತು. ಬಾಯಿ ತುಂಬ ನೀರು ತುಂಬಿಸಿಕೊಂಡು ಸ್ಲೇಟಿನ ಮೇಲೆ ಬರೆಯುವುದು. ನೀರು ಚೆಲ್ಲಿದರೆ ಮೊದಲಿನಿಂದ. ಮರುವರ್ಷ ಪಾಸಾದೆ.

ಅಪ್ಪ ವಠಾರಕ್ಕೆಲ್ಲ ಪೇಡ ಹಂಚಿದ! ಎದುರುಮನೆಯಾಕೆ, "ಯಾರು ಪಾಠ ಹೇಳ್ಕೊಟ್ಟಿದ್ದು?" ಎಂದು ಕೇಳಿದರು.

"ಯಾರೂ ಇಲ್ಲಮ್ಮ, ಅವಳೇ ಓದ್ಕೊಂಡ್ಲು. ನಮ್ಮಣ್ಣಂಗೆ ಕಿವೀನೇ ಕೇಳಲ್ಲ, ಅವನೇನು ಹೇಳ್ಕೊಡ್ತಾನೆ?"

ಜಗಲಿಯ ಮೇಲಿದ್ದ ದೊಡ್ಡಪ್ಪ ಅಪ್ಪನ ತುಟಿ ನೋಡುತ್ತಿದ್ದರು. ಆಮೇಲೆ ನನ್ನ ತುಟಿಯ ಕಡೆಗೆ ತಿರುಗಿದರು. ನಾನು ಏನಾದರೂ ಹೇಳುತ್ತೇನೆಂದು ಕಾದರು. ನನಗೆ ಅಪ್ಪನ ಭಯ. ಪೇಡ ನುಂಗಿ ಸುಮ್ಮನಾದೆ. ಅವರು ಎದ್ದು ಒಳಗೆ ಹೋದರು. ಅಪ್ಪನ ಮೇಲಿನ ಸಿಟ್ಟು ವಯಸ್ಸಾದಂತೆ ಇಳಿಯಿತು. ನನ್ನ ಮೇಲಿನದು ಇಳಿದಿಲ್ಲ.

ಆ ಕಾರ್ತೀಕದಲ್ಲೇ ದೊಡ್ಡಪ್ಪ ತೀರಿಕೊಂಡರು. ಬಾಯಿಗೆ ಅಕ್ಕಿ ಹಾಕಲು ನನ್ನನ್ನು ಕರೆದಾಗ ಮಾತು ತಾನಾಗಿ ಹೊರಟಿತು. "ದೊಡ್ಡಪ್ಪನೇ ಕಲ್ಸಿದ್ದು! ಎಲ್ಲಾ ದೊಡ್ಡಪ್ಪನೇ ಕಲ್ಸಿದ್ದು!"

"ಯಾಕೆ ಹಂಗೆ ಕಿರುಚ್ತೀಯಾ? ಎಲ್ಲಾರ್ಗೂ ಕೇಳ್ಸುತ್ತೆ" ಎಂದು ಅಪ್ಪ ರಟ್ಟೆ ಹಿಡಿದೆಳೆದ.

ಎಲ್ಲರಿಗೂ ಕೇಳಿಸಿತು. ದೊಡ್ಡಪ್ಪನ ಕಣ್ಣು ಮುಚ್ಚಿತ್ತು.