ಲಾರಿಯ ಮುಂದೆ ವತ್ಸಮ್ಮನ ಬಿದಿರು

ಕರೆಂಟಿನ ತಂತಿಯನ್ನು ನಾನು ಮುಟ್ಟಿದರೆ ಶಾಕ್ ಹೊಡೆಯುವುದು ನನಗಲ್ಲ, ಕರೆಂಟಿಗೆ. ಕಡಬ ಪೇಟೆಯಿಂದ ಕಾಡಂಚಿನವರೆಗೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಿಮಗೆ ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮದು. ಕಳೆದ ವಾರವಷ್ಟೇ ಇಡೀ ಒಂದು ಲೈನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅದರಡಿಯಲ್ಲಿ ಲಾರಿ ದಾಟಿಸಿ, ಇನ್ನೊಂದು ಕೈಯಲ್ಲಿ ಚಹಾ ಕುಡಿದವನು ನಾನು. ಆದರೆ ಪತ್ರಿಕೆಯ ಈ ಪುಟ ವತ್ಸಮ್ಮನದು. ಹಾಗಾಗಿ ದೊಡ್ಡ ಮನಸ್ಸು ಮಾಡಿ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಯುತ್ತೇನೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಕಡೆಗೆ ಏರುವ ಇಕ್ಕಟ್ಟು ರಸ್ತೆಯಲ್ಲಿ ವರ್ಗೀಸರ ಹಳೆ ಲಾರಿ ಗುರುಗುಡುತ್ತ ಬರುತ್ತಿದೆ. ಅದರ ಮುಂದೆ, ಹೆಡ್‌ಲೈಟಿನ ಬೆಳಕಿನಲ್ಲಿ, ನೈಟಿಯ ಮೇಲೆ ಗಂಡನ ಅಂಗಿ ತೊಟ್ಟು, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡ ಹೆಂಗಸೊಬ್ಬರು ಉದ್ದನೆಯ ಬಿದಿರನ್ನು ನೆಟ್ಟಗೆ ಹಿಡಿದು ನಡೆಯುತ್ತಿದ್ದಾರೆ. ಬಿದಿರಿನ ತುದಿಯಲ್ಲೊಂದು ಕವೆ. ಲೋಡ್ ಎಷ್ಟು ಎತ್ತರವೋ ಅದಕ್ಕಿಂತ ಒಂದು ಗೇಣು ಹೆಚ್ಚು ಇರುವಂತೆ ಅದನ್ನು ಕಡಿದಿದ್ದಾರೆ. ತುದಿಗೆ ಕೊಂಬೆ ತಾಗಲಿ, ತಂತಿ ತಾಗಲಿ, ಅವರ ಎಡಗೈ ಮೇಲೇಳುತ್ತದೆ, ಲಾರಿ ನಿಲ್ಲುತ್ತದೆ.

"ಮುಂದೆ ಹೋಗುದು ಬಿದಿರು ಮಾರಾಯ್ರೆ, ಲಾರಿ ಅಲ್ಲ. ಬಿದಿರು ದಾಟಿದ್ರೆ ಲಾರಿ ದಾಟಿದ ಹಾಗೆ," ಎನ್ನುತ್ತಾರೆ ವತ್ಸಮ್ಮ.

ಕ್ಯಾಬಿನ್ನಿನಿಂದ ವರ್ಗೀಸರ ತಲೆ ಹೊರಬರುತ್ತದೆ. "ಡ್ರೈವರ್ ನಾನು ಅಂತ ಲೈಸನ್ಸಲ್ಲಿ ಉಂಟು, ಅಷ್ಟೆ. ನಾನು ಓಡಿಸುದು ಇವಳ ಬೆನ್ನು ನೋಡಿ."

ನಮ್ಮ ಈ ಮೂಲೆಯಲ್ಲಿ ಹೊಳೆಗೊಂದರಂತೆ ಸಾವಿರ ಕಿರು ವಿದ್ಯುತ್ ಘಟಕಗಳಿವೆ. ("ಸಾವಿರವಾ? ಬೆರಳಲ್ಲಿ ಎಣಿಸ್ಬಹುದು," ಎಂದು ವರ್ಗೀಸ್ ಗೊಣಗುತ್ತಾರೆ. ಅವರ ಬೆರಳುಗಳು ಎಷ್ಟಿವೆಯೋ ನಾನು ನೋಡಿಲ್ಲ.) ಮೇಲೆ ಕಾಡಿನಲ್ಲಿ ಹುಟ್ಟುವ ಕರೆಂಟು ಊರೂರು ಬೆಳಗಿಸಲು ಹೋಗುತ್ತದೆ, ಘಟಕದ ಬುಡದಲ್ಲೇ ಇರುವ, ಕೂಗಿದರೂ ಕೇಳದಷ್ಟು ದೂರ ದೂರದ ಮನೆಗಳಿಗೆ ಬರುವಾಗ ಮಾತ್ರ ದಾರಿ ತಪ್ಪುತ್ತದೆ. ಘಟಕಗಳಿಗೆ ಕಬ್ಬಿಣದ ಕೊಳವೆ, ಸಿಮೆಂಟು, ಮೋಟಾರು ಏರಿಸುವುದು, ಇಳಿಯುವಾಗ ರಬ್ಬರ್ ಮರದ ದಿಮ್ಮಿ ತರುವುದು ಈ ದಂಪತಿಯ ಕೆಲಸ.

ಮೊದಲು ಕ್ಲೀನರ್ ಒಬ್ಬನಿದ್ದ. ಅವನು ರಬ್ಬರ್ ಟ್ಯಾಪಿಂಗ್ ಕೆಲಸಕ್ಕೆ ಹೋದ ಮೇಲೆ ವರ್ಗೀಸ್ ಒಬ್ಬರೇ ಕೊಳವೆ ಹೇರಿಕೊಂಡು ಹೊರಟಿದ್ದರು. ಜೋತು ಬಿದ್ದ ತಂತಿಯೊಂದು ಸಿಕ್ಕಿ ಹರಿಯಿತು. ಕರೆಂಟು ಹೋದ ಮನೆಯವರು ಲಾರಿಗೆ ಅಡ್ಡ ನಿಂತರು. "ನಾನು ಒಲೆಯಲ್ಲಿ ಗಂಜಿ ಇಟ್ಟಿದ್ದೆ. ಫೋನ್ ಬಂತು. ಇವರ ಸ್ವರ ನಡುಗ್ತಾ ಇತ್ತು. ಮರುದಿನ ನಾನೇ ರಸ್ತೆಗೆ ಇಳಿದೆ," ಎನ್ನುತ್ತಾರೆ ವತ್ಸಮ್ಮ. ಅವತ್ತಿನಿಂದ ಮಂಡಿನೋವು, ರಕ್ತ ಹೀರುವ ಉಂಬಳ, ನಾಯಿಗಳು, ಬೈಕಿನ ಹುಡುಗರ ಬಾಯಿ, ಎಲ್ಲವೂ ಅವರ ಪಾಲಿಗೆ.

"ಯಾವ ಪಾರ್ಟಿ ಮೆರವಣಿಗೆ ವತ್ಸಕ್ಕ, ಬಾವುಟ ಎಲ್ಲಿ?"

"ತಂತಿ ಹರಿಯದ ಪಾರ್ಟಿ. ನಿನ್ನ ಮನೆಗೆ ಕರೆಂಟ್ ಬೇಕಾದ್ರೆ ಬೈಕ್ ಬದಿಗೆ ಇಡು!"

ನಾನು ಜೊತೆಗೆ ಹೊರಟ ದಿನದ ಲೋಡ್ ಟ್ರಾನ್ಸ್‌ಫಾರ್ಮರ್. ಗಾಳಿಮಳೆಗೆ ಹಳೆಯದು ಸುಟ್ಟ ಮೇಲೆ ಗುಡ್ಡದ ತುದಿಯ ಮನೆಗಳಲ್ಲಿ ದೀಪವಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೊಳವೆಬಾವಿಯ ಪಂಪು ತಿರುಗದೆ ನೀರಿಲ್ಲ. ಹೊಸದರ ನೆತ್ತಿಯಲ್ಲಿ ಪಿಂಗಾಣಿಯ ಕೊಂಬುಗಳು. ತಂತಿ ಸಿಕ್ಕಿ ಒಂದು ಮುರಿದರೂ ಲಾರಿ ಬಂದ ದಾರಿಯಲ್ಲೇ ವಾಪಸು. ಮತ್ತೊಂದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಲೈನ್‌ಮ್ಯಾನ್ ಶ್ರೀರಾಮ ಫೋನಿನಲ್ಲಿ "ಆಫ್ ಆಯ್ತು" ಎಂದ ಮೇಲೆಯೇ ವತ್ಸಮ್ಮ ಕವೆಯಿಂದ ತಂತಿ ಎತ್ತುತ್ತಾರೆ. ಹಾಗೆ ಒಂದೊಂದೇ ತಂತಿ ದಾಟುತ್ತ ಕೊನೆಯ ತಿರುವಿಗೆ ಬರುತ್ತೇವೆ. ಅಲ್ಲಿ ದೇವಕಿಯವರ ಮನೆ. ಹೊಳೆಯಿಂದ ನೀರು ಹೊತ್ತು ಹೊತ್ತು ಬೇಸತ್ತ ದೇವಕಿ ಖಾಲಿ ಕೊಡಪಾನ ಸೊಂಟಕ್ಕಿಟ್ಟು ರಸ್ತೆ ಬದಿಯಲ್ಲೇ ಕಾಯುತ್ತಿದ್ದಾರೆ.

ಅಲ್ಲಿ, ಹೇಗೋ ಏನೋ, ಬಿದಿರು ಲಾರಿಯ ಚಕ್ರದಡಿ ಸೇರಿ ಪಟ್ಟನೆ ಮುರಿಯುತ್ತದೆ.

ಎದುರಿಗೆ ಇನ್ನೊಂದೇ ಒಂದು ತಂತಿ, ಪಿಂಗಾಣಿಯ ಎತ್ತರಕ್ಕೆ ಸರಿಯಾಗಿ ಜೋತು ಬಿದ್ದಿದೆ. ನನ್ನಂಥವನು ಸುಮ್ಮನಿರಲು ಆಗುತ್ತದೆಯೇ? ದೇವಕಿಯವರ ಅಂಗಳದಂಚಿನಲ್ಲಿ ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಮಲಗಿದೆ: ಹೊಸದು, ಕಪ್ಪಗೆ ಮಿರುಗುವ ಕಾರ್ಬನ್ ಫೈಬರಿನದು, ಹೂವಿನಷ್ಟು ಹಗುರ. ಎತ್ತಿಕೊಳ್ಳುತ್ತೇನೆ. ತಂತಿಗೆ ಕೊಟ್ಟು ಎತ್ತಲು ನೋಡುತ್ತೇನೆ.

"ಬಿಡೀ! ಅದರಲ್ಲಿ ಕರೆಂಟ್ ಹರೀತದೆ!" ವತ್ಸಮ್ಮನ ಕೂಗಿಗೆ ಗುಡ್ಡವೇ ನಡುಗುತ್ತದೆ.

ವರ್ಗೀಸ್ ಕ್ಯಾಬಿನ್ನಿನಿಂದ ಧುಮುಕುತ್ತಾರೆ. "ಈ ಲೈನ್ ಸತ್ತದ್ದಲ್ವಾ ಎಡೀ? ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ನಮ್ಮ ಲಾರಿಯಲ್ಲೇ ಉಂಟಲ್ಲ," ಎಂದು ಹೆಂಡತಿಯನ್ನು ಕೇಳುತ್ತಾರೆ.

"ದೇವಕಿಯಕ್ಕನಲ್ಲಿ ಜನರೇಟರ್ ಉಂಟು! ಅದು ಹಾಕಿದ್ರೆ ವಾಪಸ್ ತಂತಿಗೆ ಬರುದಿಲ್ವಾ?"

ಎಲ್ಲರ ಕಣ್ಣೂ ದೇವಕಿಯ ಮೇಲೆ. ಅವರು ಖಾಲಿ ಕೊಡಪಾನ ತಲೆಕೆಳಗು ಮಾಡಿ ತೋರಿಸುತ್ತಾರೆ. "ಎಂತ ಜನರೇಟರ್? ಡೀಸೆಲ್ ಮುಗಿದು ಸುಮ್ಮನೆ ಕೂತಿದೆ. ಅದು ಓಡಿದ್ರೆ ನಾನು ಈ ಕೊಡಪಾನ ಹಿಡಿದು ಇಲ್ಲಿ ಯಾಕೆ ನಿಲ್ತೇನೆ?"

ವತ್ಸಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂರುತ್ತಾರೆ. ಮೊದಲು ಹಣೆ, ಎದೆ ಮುಟ್ಟಿಕೊಂಡು ಶಿಲುಬೆಯ ಗುರುತು; ಆಮೇಲೆ ನಗು. ಆ ನಗು ವರ್ಗೀಸರಿಗೆ, ದೇವಕಿಗೆ, ಒಬ್ಬರಿಂದೊಬ್ಬರಿಗೆ ಹತ್ತುತ್ತದೆ.

ಆ ಮಧ್ಯಾಹ್ನ ದೇವಕಿಯವರ ನಲ್ಲಿ ಕೆಮ್ಮಿ, ಕೆಂಪು ನೀರು ಉಗಿದು, ಆಮೇಲೆ ತಿಳಿ ನೀರು ಸುರಿಸುತ್ತದೆ. ಪಿಂಗಾಣಿಗೆ ಒಂದು ಗೀರೂ ಇಲ್ಲ. ದೇವಕಿ ಮೊದಲ ಕೊಡಪಾನ ತುಂಬಿಸಿ ವತ್ಸಮ್ಮನ ಕಾಲ ಕೆಸರಿಗೆ ಸುರಿಯುತ್ತಾರೆ. "ಅಯ್ಯೋ, ಕುಡಿಯುವ ನೀರು!" "ಇರ್ಲಿ ವತ್ಸಕ್ಕ, ಇನ್ನು ಉಂಟು."

ಇಷ್ಟು ಬರೆದು, ಅಭಿಮಾನದಿಂದ ವತ್ಸಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಒಂದು ಕೈಯಲ್ಲಿ ಲೈನ್ ಎತ್ತಿದ್ದು ಯಾರು ಮಾರಾಯ್ರೆ?"

ಹೇಳಲೇಬೇಕು. ಅವರು ಕೂಗಿದ ಕೂಡಲೇ ದೋಟಿ ಬಿಸಾಡಿ ಲಾರಿಯ ಹಿಂದೆ ಕುಕ್ಕರಗಾಲಲ್ಲಿ ಕೂತವನು ನಾನು. ದೇವಕಿ ಬಟ್ಟೆ ಹಾಕುವ ಒಣ ಬಿದಿರನ್ನು ತಂದುಕೊಟ್ಟರು. ಆ ಕೊನೆಯ ತಂತಿ ಎತ್ತಿದ್ದು ವತ್ಸಮ್ಮ, ಎರಡೂ ಕೈಯಲ್ಲಿ. ಚಹಾ ಕುಡಿದದ್ದು ನಿಜ. ಆದರೆ ಲೋಟ ಹಿಡಿಯಲು ನನಗೂ ಎರಡು ಕೈ ಬೇಕಾಯಿತು.

"ನನ್ನ ಬಗ್ಗೆ ಅಷ್ಟೆಲ್ಲ ಬೇಡ. ಒಂದು ತಂತಿಯೂ ಹರಿಯದೆ ಮುಟ್ಟಿಸಿದ್ಲು ಅಂತ ಒಂದು ಸಾಲು ಸಾಕು," ಎಂದರು ವತ್ಸಮ್ಮ. "ಮತ್ತೆ, ನನ್ನ ಬಿದಿರು ಹಿಡ್ಕೊಂಡು ಫೋಟೋ ತೆಗೆಸಿ, ಅದನ್ನು ಲಾರಿ ಚಕ್ರದ ಮುಂದೆ ರಸ್ತೆಯಲ್ಲೇ ಇಟ್ಟು ಹೋದವರು ಯಾರು ಅಂತಲೂ ಬರೀರಿ."

ನಾನು.