ಗೀರು ಹಾಕಿದ ಫ್ಯಾನು

ಕಳೆದ ಭಾನುವಾರ ಮಧ್ಯಾಹ್ನ ನಾನು ಹಿರಿಯೂರಿನ ಒಂದು ಗುಜರಿ ಅಂಗಡಿಯೊಳಗೆ, ತಕ್ಕಡಿಯ ಎಡಕ್ಕೆ ನಿಂತಿದ್ದೆ. ಹಳೆಯ ಪಂಪುಗಳ ರಾಶಿಯ ಮೇಲೆ, ನೀರಿನಡಿ ತಿರುಗಿ ಬೋಟು ಓಡಿಸುವ ಫ್ಯಾನೊಂದು ಬಿದ್ದಿತ್ತು. ಎತ್ತಿಕೊಂಡಾಗ ಒಣಗಿದ ಗ್ರೀಸಿನ ವಾಸನೆ ಬಂತು. ಮೂರು ರೆಕ್ಕೆಗಳ ನಡುವೆ ಬೆರಳಾಡಿಸಿದೆ. ಅರದಿಂದ ಉಜ್ಜಿದ ಗೀರು ಅಲ್ಲೇ ಇತ್ತು. ಉಜ್ಜಿದವನು ನಾನು. ಅಲುಗದಂತೆ ಹಿಡಿದುಕೊಂಡಿದ್ದವರು ಮೇಸ್ತ್ರಿ...

ಮೇಸ್ತ್ರಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಮಾರಿಕಣಿವೆ ಜಲಾಶಯ ತುಂಬಿ ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ನಮ್ಮೂರ ಹೊಲಗಳ ದಾರಿ ಮುಳುಗಿದಾಗ, ನಾವಿಬ್ಬರೂ ಸೇರಿ ಒಂದು ಬೋಟು ತಂದೆವು. ಎಂಜಿನ್ ಅವರದು, ಓಡಿಸುವುದು ನನ್ನದು.

ಫ್ಯಾನು ಆರಿಸುವುದೇ ಕಷ್ಟವಾಯಿತು. ಒಂದರ ರೆಕ್ಕೆಗಳ ಓರೆ ಕಡಿಮೆ. ಭಾರವಿದ್ದರೂ ಬೋಟು ತಟ್ಟನೆ ಎದ್ದು ಹೊರಡುತ್ತಿತ್ತು, ಆಮೇಲೆ ಎಂಜಿನ್ ಎಷ್ಟು ಕಿರುಚಿದರೂ ವೇಗ ಏರುತ್ತಿರಲಿಲ್ಲ. ಇನ್ನೊಂದರ ಓರೆ ಹೆಚ್ಚು. ಖಾಲಿ ಬೋಟು ಹಾರಿದಂತೆ ಹೋಗುತ್ತಿತ್ತು, ಭಾರ ಹೇರಿದರೆ ಮೂತಿ ಎತ್ತಿ, ಹಿಂಭಾಗ ಮುಳುಗಿಸಿ ಏದುತ್ತಿತ್ತು. ರಾಗಿ ಚೀಲ ಹೇರಿ ಇಳಿಸಿ ನೋಡಿ, ಕೊನೆಗೆ ಇವೆರಡರ ನಡುವಿನದೊಂದನ್ನು ಹಾಕಿದೆವು. ಉಳಿದೆರಡು ಮೇಸ್ತ್ರಿಯ ಅಂಗಡಿಯಲ್ಲಿದ್ದವು.

"ಏಳಾಕೂ ಬೇಕು, ಓಡಾಕೂ ಬೇಕು ಕಣಪ್ಪ," ಎಂದರು ಮೇಸ್ತ್ರಿ. "ಬರೀ ಓಡೋದು ತಗಂಡು ಏನ್ ಮಾಡ್ತೀಯ? ಜನನ್ನ ದಡದಾಗೆ ಬಿಟ್ಟು ನೀನೊಬ್ನೇ ಓಡ್ತೀಯೇನಲೇ?"

ನೀರಿನಡಿ ಎಲ್ಲ ಫ್ಯಾನುಗಳೂ ಒಂದೇ ಥರ. ಮುಟ್ಟಿದರೆ ನಮ್ಮದು ಎಂದು ತಿಳಿಯಲೆಂದೇ ಆ ಗೀರು.

ಆ ಮಳೆಗಾಲದ ಒಂದು ಬೆಳಿಗ್ಗೆ ನೀರು ಏರಿ, ಕುರಿ ಕಾಯುವ ಅಜ್ಜನ ಮಂದೆ ದಿಬ್ಬವೊಂದರ ಮೇಲೆ ಸಿಕ್ಕಿಕೊಂಡಿತು. ಅವನಿಗಿದ್ದ ಬದುಕು ಆ ಮಂದೆಯೊಂದೇ. ಅಜ್ಜನನ್ನು ಕೂರಿಸಿಕೊಂಡು ಹೊರಟೆ. ಬೋಟನ್ನು ನೀರಿಗೆ ತಳ್ಳಿದವರು ಮೇಸ್ತ್ರಿಯೇ. ಬೇಡ ಎನ್ನಲಿಲ್ಲ. ಹೋಗುವಾಗ ಬೋಟು ಎಂದಿಗಿಂತ ಜೋರಾಗಿ ಹೋಯಿತು. ಗಾಳಿ ಹಿಂದಿನಿಂದ ಬೀಸುತ್ತಿದೆ ಅಂದುಕೊಂಡೆ.

ಕುರಿ ಹತ್ತಿಸಿ ತಿರುಗಿದಾಗ ಬೋಟು ಏಳಲಿಲ್ಲ. ಎಂಜಿನ್ ಗಂಟಲು ಕಟ್ಟಿದಂತೆ ನರಳಿತು. ಮೂತಿ ಮೇಲಕ್ಕೆ ನಿಂತೇ ಇತ್ತು.

"ಯಾಕಪ್ಪ, ಮುಂದಕ್ಕೇ ಹೋಗ್ತಿಲ್ಲ?" ಅಜ್ಜ ಕೂಗಿದ.

ಒಂದು ಅಲೆ ಹಿಂದಿನಿಂದ ಒಳಗೆ ಬಂತು. ಕುರಿಗಳು ಬೆದರಿ ನನ್ನ ಕಡೆಗೇ ಜಾರಿದವು. ಆಮೇಲೆ ನೀರು... ಅಜ್ಜನೂ ನಾನೂ ಮಗುಚಿದ ಬೋಟನ್ನು ಹಿಡಿದು ತೇಲಿದೆವು. ಕುರಿಗಳಲ್ಲಿ ಈಜಿ ದಡ ಸೇರಿದವು ಕೆಲವೇ.

ಬೋಟನ್ನು ದಡಕ್ಕೆ ಎಳೆದ ಮೇಲೆ ಫ್ಯಾನನ್ನು ಮುಟ್ಟಿ ನೋಡಿದೆ. ಗೀರು ಇರಲಿಲ್ಲ.

"ಮೇಸ್ತ್ರಿ, ಇದು ನಮ್ಮ ಫ್ಯಾನಲ್ಲ," ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಸೇರಿದ ಜನಕ್ಕೆ ಹೇಳಿದರು: "ಬ್ಯಾಡ ಅಂದೆ. ಇವನು ಕೇಳ್ಲಿಲ್ಲ, ಅತಿ ತುಂಬ್ಯಾನೆ."

ಅಜ್ಜನ ಹೆಂಡತಿ ಮೇಸ್ತ್ರಿಯ ಮುಂದೆ ಬಂದಳು. "ನಿನ್ನೆ ಸಂಜೆ ಸೊಂಟಮಟ್ಟ ನೀರಾಗೆ ನಿಂತು ಬೋಟಿನ ಹಿಂದೆ ಅದೇನೋ ಬಿಚ್ತಿದ್ಯಲ್ಲಪ್ಪ?"

"ಕಳೆ ಸಿಕ್ಕಾಕ್ಕಂಡಿತ್ತು ಕಣಜ್ಜಿ, ತೆಗೆದೆ."

ಅಷ್ಟಕ್ಕೇ ಮುಗಿಯಿತು. ಜನ ಮೇಸ್ತ್ರಿಯ ಮಾತನ್ನೇ ನಂಬಿದರು. ಅಂದು ಮಧ್ಯಾಹ್ನ ಪ್ರವಾಸಿಗರ ಸುತ್ತಾಟಕ್ಕೆ ನಮ್ಮ ಬೋಟು ಗೊತ್ತುಮಾಡಲು ಯಾರೋ ಬರುವವರಿದ್ದರು, ಖಾಲಿ ಬೋಟಿನ ವೇಗ ನೋಡುವವರಿದ್ದರು ಎಂದು ನನಗೆ ತಿಳಿದದ್ದು ಆಮೇಲೆ. ಮೇಸ್ತ್ರಿ ಫ್ಯಾನು ಬದಲಿಸಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಕಂಡಿಲ್ಲದ್ದನ್ನು ಕಂಡೆ ಎನ್ನಲಾರೆ. ಆದರೆ ಕುರಿ ತುಂಬಲು ಹೊರಟ ಬೋಟನ್ನು ಅವರ ಕೈ ತಳ್ಳಿದ್ದನ್ನು ಕಂಡಿದ್ದೇನೆ. ಆಮೇಲೆ ಊರಿನ ಯಾರೂ ನಾನು ಓಡಿಸುವ ಬೋಟು ಹತ್ತಲಿಲ್ಲ.

"ಪಂಪ್‌ಸೆಟ್ ಮೇಸ್ತ್ರಿ ಅಂಗಡಿ ಸಾಮಾನು ಸಾರ್, ಅವ್ರು ತೀರ್ಕೊಂಡ್ಮೇಲೆ ಮನೆಯವ್ರು ತಂದ್ಹಾಕಿದ್ರು. ತಗಂತೀರಾ?" ಎಂದ ಗುಜರಿಯವನು.

ಸಾಯುವವರೆಗೂ ಇದನ್ನು ಇಟ್ಟುಕೊಂಡಿದ್ದರು... ಯಾಕೋ ಗೊತ್ತಿಲ್ಲ. ಎಂಜಿನ್ನಿನ ಸದ್ದಿನಲ್ಲೇ ಭಾರ ಅಳೆಯುವುದನ್ನು ನನಗೆ ಕಲಿಸಿದವರು ಅವರು. ಅಂಥ ಗುರು ಮತ್ತೆ ಸಿಗಲಿಲ್ಲ. ಫ್ಯಾನನ್ನು ರಾಶಿಯ ಮೇಲೆ ಇಟ್ಟು ಬಂದೆ.

ಅಜ್ಜ ಇಲ್ಲ, ಮೇಸ್ತ್ರಿಯೂ ಇಲ್ಲ. ಆ ಸಂಜೆ ಸೊಂಟಮಟ್ಟದ ನೀರಿನಲ್ಲಿ ನಿಂತವರನ್ನು ಕಂಡವಳು ಅಜ್ಜಿ ಒಬ್ಬಳೇ. ಐಮಂಗಲದಲ್ಲಿ ಮಗಳ ಮನೆಯಲ್ಲಿದ್ದಾಳೆ. ಇನ್ನೂ ಬದುಕಿದ್ದಾಳೆ, ಕೇಳಿದರೆ ಹೇಳಬಲ್ಲಳು.