ರತ್ನಾವತಿಯ ಕುಂಕುಮದ ಬಟ್ಟಲು

ನುಂಗಂಬಾಕ್ಕಂನ ನಮ್ಮ ವಠಾರದ ಹೆಂಗಸರಿಗೆಲ್ಲ ರತ್ನಾವತಿಯ ಹಣೆಯ ಮೇಲೇ ಕಣ್ಣು. ಗಂಡ ಸುಬ್ರಾಯ ಬೊಂಬಾಯಿಗೆಂದು ಹೋದವನು ಪತ್ತೆಯಿಲ್ಲ. ಇದ್ದಾನೋ ಸತ್ತಿದ್ದಾನೋ ದೇವರಿಗೇ ಗೊತ್ತು. ಇವಳು ಮಾತ್ರ ದಿನಾ ಕಾಸಗಲ ಕುಂಕುಮ ಇಟ್ಟುಕೊಂಡೇ ನಲ್ಲಿಯ ಹತ್ತಿರ ಬರುವವಳು. ಊರಲ್ಲಿ ಅದನ್ನು ಅಳಿಸು ಎಂದವರಿದ್ದರಂತೆ. ಆಗ ಪುಟ್ಟ ತಮ್ಮ ಚಂದು ಅಡ್ಡ ನಿಂತು, “ನನ್ನ ಅಕ್ಕನ ಹಣೆ ಮುಟ್ಟಿದ್ರೆ ಜಾಗ್ರತೆ!” ಎಂದು ಕಿರುಚಿದ್ದನಂತೆ. ಇದನ್ನು ಹೇಳುವಾಗಲೆಲ್ಲ ಅವಳ ಮುಖ ಅರಳುತ್ತಿತ್ತು.

ಆ ತಮ್ಮನನ್ನು ಕಟ್ಟಿಕೊಂಡೇ ಅವಳು ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದದ್ದು. ಮನೆಮನೆಗೆ ಹಪ್ಪಳ, ಸಂಡಿಗೆ ಮಾಡಿಕೊಟ್ಟು ಅವನನ್ನು ಓದಿಸಿದಳು. ಅವನು ಪ್ಯಾರೀಸ್ ಕಾರ್ನರ್‌ನ ಒಂದು ಹೋಟೆಲಿನಲ್ಲಿ ಗಲ್ಲಾಕ್ಕೆ ಕೂತ, ನೀರಜಾಳನ್ನು ಮದುವೆಯಾದ. ಐವತ್ತೆಂಟನೇ ಇಸವಿಯಲ್ಲಿ ಹೆಣ್ಣುಮಗು ಹುಟ್ಟಿತು.

ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಚಂದುವೇ ಹೇಳಿದ್ದ: “ಅಕ್ಕ, ನೀನಲ್ಲದೆ ಇನ್ಯಾರು? ಹೆಸರೂ ನೀನೇ ಹುಡುಕು.” ಅಷ್ಟು ಸಾಕಾಯಿತು ಅವಳಿಗೆ. ನಮ್ಮ ಮನೆಯ ಹಳೇ ತೊಟ್ಟಿಲನ್ನು ಒಯ್ದು ತಿಕ್ಕಿ ತೊಳೆದಳು, ಅಂಗಳಕ್ಕೆ ತೆಂಗಿನ ಗರಿಯ ಪಂದಲ್ ಹಾಕಿಸಿದಳು, ಅಡುಗೆ ಭಟ್ಟರು ಬೇಡವೇ ಬೇಡ ಎಂದು ತಾನೇ ಸೊಂಟ ಕಟ್ಟಿ ನಿಂತಳು.

“ಏನ್ ಹೆಸರು ರತ್ನಾ? ನನ್ ಹತ್ರ ಸೊಲ್ಪ ಹೇಳಿದ್ರೆ ಏನಾಗತ್ತೆ?” ಎಂದು ಕೆಣಕಿದೆ.

“ಸುಮ್ನಿರಿ ಮಾರಾಯ್ರೆ! ಮಗು ಕೇಳುವ ಮೊದಲು ನಿಮಗೆ ಎಂತಕ್ಕೆ? ಚಂದುಗೆ ಮಾತ್ರ ಹೇಳಿದ್ದೇನೆ.”

ನಾಮಕರಣದ ದಿನ ಮನೆ ತುಂಬ ಜನ. ಪುರೋಹಿತರು ಇನ್ನೇನು ಸೋದರತ್ತೆಯನ್ನು ಕರೆಯಬೇಕು, ಬಾಣಂತನಕ್ಕೆಂದು ಗಿಂಡಿ ಬಡಾವಣೆಯಿಂದ ಬಂದಿದ್ದ ನೀರಜಾಳ ತಾಯಿ ಕಲಾವತಮ್ಮ ಅಳಿಯನನ್ನು ಪಕ್ಕಕ್ಕೆ ಕರೆದರು. ನಾನು ಅಲ್ಲೇ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದೆ.

“ನಿಮ್ಮಕ್ಕನ್ನ ಮುತ್ತೈದೆ ಅನ್ನಬೇಕೋ ಬೇಡವೋ ಯಾರಿಗೂ ಗೊತ್ತಿಲ್ಲ. ಶುಭಕಾರ್ಯ ನೋಡಿ. ನನ್ನ ದೊಡ್ಡ ಮಗಳೇ ಹೆಸರು ಹೇಳಲಿ.”

ಚಂದು ನೆಲ ನೋಡಿದ. “ನಿಮ್ಮಿಷ್ಟ, ಅತ್ತೆ,” ಎಂದ. ಥೂ! ಅಂದು ಊರಿಗೇ ಎದುರು ನಿಂತ ಹುಡುಗ ಇವನೇನಾ? ಸಾಲದ್ದಕ್ಕೆ ಅಡುಗೆಮನೆ ಬಾಗಿಲಿಗೆ ಹೋಗಿ, “ಅಕ್ಕ, ಪಾಯಸ ತಳ ಹಿಡಿಯದ ಹಾಗೆ ನೋಡ್ಕೋ. ಹೊತ್ತಾದಾಗ ನಾನೇ ಕರೀತೇನೆ,” ಎಂದು ಹೇಳಿ ಬಂದ.

ನಾನು ಹೂವನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ. ಅವಳು ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಾಯಸ ಕೈಯಾಡಿಸುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಯಾರೋ ಕೂಗಿದರು: “ಸುಗುಣಾ ಅಂತ ಹೆಸರು! ಸುಗುಣಾ!”

ರತ್ನಾವತಿಯ ಕೈ ನಿಂತಿತು.

“ಅದು ನಾನು ಚಂದುಗೆ ಹೇಳಿದ ಹೆಸರು,” ಎಂದಳು.

ಬೇರೆ ಹೆಸರನ್ನಾದರೂ ಇಡಬಾರದಿತ್ತೇ ಆ ಮಹಾರಾಯ! ನನಗೆ ಮೈಯೆಲ್ಲ ಉರಿದು, ಕಲಾವತಮ್ಮ ಅಂದದ್ದನ್ನೂ ಚಂದು ಒಪ್ಪಿದ್ದನ್ನೂ ಅವಳಿಗೆ ಹೇಳಿಬಿಟ್ಟೆ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಪಾಯಸ ಇಳಿಸಿದಳು. ಪಂಕ್ತಿಯಲ್ಲಿ ಕೂತವರಿಗೆಲ್ಲ, ಕಲಾವತಮ್ಮನಿಗೂ, ಕೇಳಿ ಕೇಳಿ ಬಡಿಸಿದಳು. ತಾನು ಒಂದು ಅಗುಳೂ ಮುಟ್ಟಲಿಲ್ಲ.

ಊಟ ಮುಗಿಯಿತು. ಹೊರಡುವ ಹೊತ್ತಿಗೆ ವಠಾರದ ಹೆಂಗಸರು ಎಂದಿನಂತೆ ಅವಳನ್ನೇ ಕೇಳಿದರು: “ಕುಂಕುಮ ಕೊಡಮ್ಮಾ ರತ್ನಾ, ಬರ್ತೀವಿ.”

ಅವಳು ಬೆಳ್ಳಿಯ ಬಟ್ಟಲು ತಂದಳು. ನಮ್ಮನ್ನು ದಾಟಿ ನೇರ ತಮ್ಮನ ಎದುರು ಹೋಗಿ ನಿಂತಳು.

“ಚಂದು, ಇವರೆಲ್ಲ ನನ್ನ ಹತ್ರ ಕುಂಕುಮ ಕೇಳ್ತಿದ್ದಾರೆ. ನಾನು ಕೊಡಬಹುದಾ, ಕೊಡಬಾರದಾ? ನೀನೇ ಹೇಳು.”

ಕಲಾವತಮ್ಮ ಸೆರಗು ಸರಿಮಾಡಿಕೊಂಡರು. ಚಂದು ಅತ್ತೆಯ ಮುಖ ನೋಡಿದ. ರತ್ನಾವತಿ ಬಟ್ಟಲನ್ನು ಅವನ ಕೈಯಲ್ಲಿಟ್ಟು, “ಹಾಗಾದ್ರೆ ನೀನೇ ಕೊಡು,” ಎಂದು ಒಳಗೆ ಹೋದಳು.

ಗಂಡಸು ಹೆಂಗಸರಿಗೆ ಕುಂಕುಮ ಕೊಡುವುದುಂಟೇ? ಅವನು ಬಟ್ಟಲು ಹಿಡಿದು ಹಾಗೇ ನಿಂತಿದ್ದ. ನಾವು ಒಬ್ಬೊಬ್ಬರಾಗಿ ಅವನ ಮುಂದೆಯೇ ಹಾದು, ಕುಂಕುಮವಿಲ್ಲದೆ ಮನೆಗೆ ಹೋದೆವು.